ಓಣಿಯ ಬಾಯಿಗೆ ಮುಳ್ಳುತಂತಿ

"ನಿಮ್ಮಮ್ಮನ ಮದುವೆಗೆ ಗುಂಡಿ ತೋಡ್ತಾ ಇದ್ದೀಯೇನೋ, ಬೋಳಿಮಗನೇ? ಎತ್ತೋ ಹಾರೆ! ಕತ್ತಲಾಗೋದ್ರೊಳಗೆ ಕಂಬ ನಿಲ್ಬೇಕು."

ಓನರ್ ಓಣಿಯ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಗುಂಡಿ ತೋಡುತ್ತಿದ್ದ ತಂತಿ ತಲೆ ಎತ್ತಲಿಲ್ಲ. ಹಾರೆ ಎತ್ತಿ ಹಾಕಿದ. ನೆಲದೊಳಗಿಂದ ಇಟ್ಟಿಗೆ ಚೂರು, ಬಾಟಲಿ ಗಾಜು, ಯಾರದೋ ಸವೆದ ಚಪ್ಪಲಿಯ ಅಟ್ಟೆ ಎದ್ದು ಬಂದವು.

ಅಂಗಳದಲ್ಲಿ ಬಿಸಿಲು ಕಾಯಿಸುತ್ತ ಕೂತಿದ್ದ ಅವನ ತಾಯಿಗೆ ಕಾಲು ಸೋತಿದ್ದವೇ ಹೊರತು ಕಿವಿಯಲ್ಲ. ಅಲ್ಲಿಂದಲೇ ಕೂಗಿದಳು: "ನನ್ನ ಮದುವೆ ಆಗಿ ಯಾವ ಕಾಲ ಆಯ್ತು ಸ್ವಾಮಿ. ಅದಕ್ಕೆ ಯಾರೂ ಗುಂಡಿ ತೋಡಿರ್ಲಿಲ್ಲ. ನಾನೇ ಹೋಗಿ ಗುಂಡಿಗೆ ಬಿದ್ದಿದ್ದೆ, ಅಷ್ಟೆ."

ಸಾಲುಮನೆಗಳ ಬಾಗಿಲಲ್ಲಿ ನಿಂತವರು ನಕ್ಕರು. ಆ ನಗು ತಂತಿಯ ಮೇಲೆ ಕಣ್ಣು ಬಿದ್ದದ್ದೇ ನಿಂತುಹೋಯಿತು.

ಊರ ತುಂಬ ಕಾಂಪೌಂಡಿಗೆ ಮುಳ್ಳುತಂತಿ ಬಿಗಿಯುವುದು ಅವನ ಕಸುಬು. ಹಾಗಾಗಿ ಸ್ವಂತ ಹೆಸರು ತಾಯಿಯ ಬಾಯಲ್ಲಿ ಮಾತ್ರ ಉಳಿದು, ಮಿಕ್ಕವರಿಗೆಲ್ಲ ಅವನು ತಂತಿ. ಆದರೆ ತಾನಿರುವ ಮನೆಯ ದಾರಿಗೆ ತಾನೇ ಬೇಲಿ ಹಾಕುವ ದಿನ ಬರುತ್ತದೆಂದು ಅವನು ಎಣಿಸಿರಲಿಲ್ಲ.

ಓನರನ ದೊಡ್ಡ ಮನೆ ರಸ್ತೆಗೆ ಮುಖ ಮಾಡಿತ್ತು. ಅದರ ಬೆನ್ನಿಗೆ ಅಂಗಳ, ಅಂಗಳದಾಚೆ ಶೀಟು ಹೊದಿಸಿದ ಬಾಡಿಗೆ ಕೋಣೆಗಳ ಸಾಲು. ಅಲ್ಲಿಂದ ರಸ್ತೆಗೆ ಹೋಗಲು ದೊಡ್ಡ ಮನೆಯ ಪಕ್ಕದ ಓಣಿಯೊಂದೇ ದಾರಿ. ಸಾಲಿನ ಹಿಂದೆ ಊರಿನ ಕೊಳಚೆಯನ್ನೆಲ್ಲ ಹೊತ್ತು ಹರಿಯುವ ದೊಡ್ಡ ಚರಂಡಿ, ಅದರ ಮೇಲೆ ಅಡ್ಡಲಾಗಿ ಒಂದು ನೀರಿನ ಪೈಪು.

ಕೋಣೆ ಕೆಡವಿ ಗೋಡೌನು ಕಟ್ಟಬೇಕು, ಖಾಲಿ ಮಾಡಿ ಎಂದು ಓನರ್ ಹೇಳಿದ್ದ. ಯಾರೂ ಮಾಡಲಿಲ್ಲ. ಇಲ್ಲೇ ಹುಟ್ಟಿದವರು ಇಲ್ಲೇ ಮಕ್ಕಳನ್ನು ಹೆತ್ತಿದ್ದರು. ತಪ್ಪದೆ ಬಾಡಿಗೆ ಕೊಡುವವರನ್ನು ರಾತ್ರೋರಾತ್ರಿ ಎಬ್ಬಿಸುವಂತಿಲ್ಲ ಎಂದು ವಕೀಲನೂ ಅವನಿಗೆ ಹೇಳಿಬಿಟ್ಟಿದ್ದ. ಆಮೇಲೆ ಇದ್ದಕ್ಕಿದ್ದಂತೆ ಓಣಿ ಓನರನ ಬಾಮೈದನ ಹೆಸರಿಗೆ ಹೋಯಿತು; ಅವನ ಜಾಗಕ್ಕೆ ಅವನು ಬೇಲಿ ಹಾಕಿಸಿದರೆ ಕೇಳುವವರಿಲ್ಲ.

"ಕತ್ತು ಹಿಡಿದು ತಳ್ಳೋ ಹಾಗಿಲ್ಲ ಅಂತ ಕತ್ತು ಹಿಸುಕ್ತಾ ಇದಾನೆ," ಎಂದಿದ್ದಳು ತಾಯಿ.

ಓನರ್ ತಂತಿಯನ್ನು ಒಬ್ಬನನ್ನೇ ಕರೆಸಿ, "ನೀನು ನಮ್ಮೋನು. ಬೇಲಿ ಹಾಕು, ನಿನ್ನ ಕೋಣೆ ತಂಟೆಗೆ ನಾನು ಬರಲ್ಲ. ಹಾಕಲ್ಲ ಅಂದ್ರೆ ಮೊದ್ಲು ಬೀಳೋದು ನಿನ್ನ ಮನೆ ಶೀಟೇ," ಎಂದಿದ್ದ. ತಂತಿ ಹಾರೆ ಹೆಗಲಿಗೇರಿಸಿದ.

ಸಂಜೆಗೆ ಕಲ್ಲುಕಂಬಗಳು ನಿಂತವು. ಕೆಳಗಿಂದ ಮೇಲಿನವರೆಗೆ ಕೈ ತೂರಿಸಲೂ ಜಾಗವಿಲ್ಲದ ಹಾಗೆ ಮುಳ್ಳುತಂತಿ ಬಿಗಿದಾಯಿತು. ಬಾಮೈದ ಬಂದು ಬೆರಳಲ್ಲಿ ಮೀಟಿ ನೋಡಿ, "ವೀಣೆ ಹಂಗಿದೆ," ಎಂದು ನಕ್ಕ.

ತಂತಿಯ ಹೆಂಡತಿ ಅಂಗಳದಲ್ಲಿ ತನ್ನ ಇಸ್ತ್ರಿ ಗಾಡಿಯ ಪಕ್ಕ ನಿಂತಿದ್ದಳು. ದಿನಾ ಬೆಳಿಗ್ಗೆ ಆ ಗಾಡಿ ಓಣಿ ದಾಟಿ ರಸ್ತೆಯ ತಿರುವಿನಲ್ಲಿ ನಿಲ್ಲುತ್ತಿತ್ತು. ಅಕ್ಕಪಕ್ಕದ ಮನೆಯವರು ಬಟ್ಟೆ ತಂದು ಕೊಡುತ್ತಿದ್ದರು. ಇನ್ನು ಗಾಡಿ ಎಲ್ಲಿಗೂ ಹೋಗುವ ಹಾಗಿರಲಿಲ್ಲ.

ಅಂದು ಅವಳು ತಟ್ಟೆ ಇಟ್ಟಳು, ಬಡಿಸಲಿಲ್ಲ.

"ನಾನು ಹಾಕ್ದೆ ಇದ್ದಿದ್ರೆ ಇನ್ನೊಬ್ಬ ಬಂದು ಹಾಕ್ತಿದ್ದ," ಎಂದ ತಂತಿ.

"ಹಾಕ್ಲಿ. ಆ ಇನ್ನೊಬ್ಬನ ಕೈ ಸೇದಿ ಹೋಗ್ಲಿ ಅಂತ ಶಾಪ ಹಾಕಿ ಸಮಾಧಾನ ಮಾಡ್ಕೋತಿದ್ದೆ. ಈಗ ಅದೇ ಕೈ ಪಕ್ಕದಲ್ಲಿ ಮಲಗ್ಬೇಕು."

"ನಮ್ಮ ಕೋಣೆ ಉಳೀತಲ್ಲೇ."

"ಕೋಣೆ ಇಟ್ಕೊಂಡು ಏನ್ ಮಾಡ್ತೀಯಾ, ನೆಕ್ತೀಯಾ? ಪೈಪ್ ಮೇಲೆ ಗಾಡಿ ತಳ್ಕೊಂಡು ಹೋಗ್ಲಾ ನಾನು?"

ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ತಾಯಿ, "ಅವನ್ನ ಬಿಡೇ," ಎಂದಳು. "ಉಣ್ಣಕ್ಕಿಡು. ಹೊಟ್ಟೆಗಿಲ್ದೆ ಯೋಚ್ನೆ ಮಾಡಿದ್ರೆ ಇನ್ನೂ ದಡ್ಡನಾಗ್ತಾನೆ."

ಮರುದಿನದಿಂದ ಸಾಲಿನ ಜನ ಪೈಪಿನ ಮೇಲೆ ನಡೆದರು. ಕೆಲಸಕ್ಕೆ ಹೋಗುವವರು ಚಪ್ಪಲಿ ಕೈಲಿ ಹಿಡಿದು, ಹೆಂಗಸರು ಕೂಸುಗಳನ್ನು ಬೆನ್ನಿಗೆ ಬಿಗಿದು. ಗ್ಯಾಸ್ ಸಿಲಿಂಡರಿನವನು ಚರಂಡಿಯ ಆಚೆಗೇ ಸಿಲಿಂಡರ್ ಉರುಳಿಸಿ ಹೋದ. ಹೆಂಡತಿ ಮನೆಮನೆಗೆ ಹೋಗಿ ಬಟ್ಟೆಯ ಗಂಟು ತಲೆ ಮೇಲೆ ಹೊತ್ತು ತಂದು ಕೋಣೆಯ ನೆಲದ ಮೇಲೆ ಇಸ್ತ್ರಿ ಮಾಡಿದಳು. ಒಮ್ಮೆ ಗಂಟು ಜಾರಿ ಯಾರದೋ ಬಿಳಿ ಅಂಗಿ ಕೊಳಚೆಯಲ್ಲಿ ತೇಲಿಹೋಯಿತು. ಆ ಮನೆಯಾಕೆ ಅವಳನ್ನು ಗೇಟಿನ ಹೊರಗೇ ನಿಲ್ಲಿಸಿ ಬೈದು ಕಳಿಸಿದಳು. ತಂತಿಯ ಜೊತೆ ಸಾಲಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಅವನು ನಲ್ಲಿಯ ಹತ್ತಿರ ಹೋದರೆ ಬಿಂದಿಗೆ ಹಿಡಿದವರು ಜಾಗ ಬಿಟ್ಟು ದೂರ ನಿಲ್ಲುತ್ತಿದ್ದರು.

ಎಲ್ಲರೂ ಸೇರಿ ಸರ್ಕಾರಿ ಕಚೇರಿಗೆ ಹೋಗಿ ಗೋಗರೆದ ಮೇಲೆ ಒಬ್ಬ ಆಫೀಸರ್ ಬಂದ. ಬಂದವನು ಮೊದಲು ದೊಡ್ಡ ಮನೆಗೆ ಹೋಗಿ ಟೀ ಕುಡಿದ. ಆಮೇಲೆ ಓನರ್ ಮತ್ತು ಬಾಮೈದನ ನಡುವೆ ಓಣಿಗೆ ಇಳಿದು ಬೇಲಿಯ ಆಚೆ ನಿಂತ. ಈಚೆ ಸಾಲಿನ ಜನ.

"ಏನ್ರಪ್ಪಾ ನಿಮ್ದು ಗೋಳು? ಜಾಗ ಅವರ್ದು. ಅವರು ಬೇಲಿ ಹಾಕ್ಕೊಂಡಿದಾರೆ. ನಿಮಗೆ ಹಿಂದ್ಗಡೆ ದಾರಿ ಇದೆಯಂತಲ್ಲ?"

"ಅದು ದಾರಿ ಅಲ್ಲ ಸಾರ್, ಪೈಪು. ಒಂದ್ಸಲ ಬಂದು ನೋಡಿ," ಎಂದಳು ದೊಡ್ಡ ಮನೆಯಲ್ಲೇ ಪಾತ್ರೆ ತೊಳೆಯುವ ಪಾತ್ರೆಯಮ್ಮ.

ಆಫೀಸರ್ ತನ್ನ ಬೂಟು ನೋಡಿಕೊಂಡ. "ನೋಡೋದೇನಿದೆ. ಪೈಪೋ ಸೇತುವೆಯೋ, ಓಡಾಡ್ತಾ ಇದೀರಲ್ಲ. ಬಾಡಿಗೆದಾರರು ಅಂದ್ರೆ ಮನೆಯೊಳಗೆ ಇರೋ ಹಕ್ಕು ಇದೆ, ನಾನು ಇಲ್ಲ ಅನ್ನಲ್ಲ. ಓಣಿ ಹಕ್ಕು ಬೇರೆ ವಿಷಯ."

"ಒಳಗೆ ಇರಬೋದು, ಹೊರಗೆ ಬರೋ ಹಾಗಿಲ್ಲ," ಎಂದಳು ತಂತಿಯ ತಾಯಿ. "ಅದಕ್ಕೆ ಜೈಲು ಅಂತಾರಲ್ವಾ ಸ್ವಾಮಿ? ಅಲ್ಲಾದ್ರೆ ಬಾಡಿಗೆ ಇಸ್ಕೊಳ್ಳಲ್ಲ."

"ಯಾವಳು ಇವಳು? ಬಾಯಿ ಜಾಸ್ತಿ ಆಯ್ತು."

"ಬೇಲಿ ಹಾಕ್ದೋನ ತಾಯಿ," ಎಂದ ಓನರ್ ನಗುತ್ತ. "ಅವರಲ್ಲೇ ಒಬ್ಬ. ಬಾರೋ ತಂತಿ, ಮುಂದೆ ಬಾ. ಸಾಹೇಬ್ರಿಗೆ ಹೇಳು, ಯಾರಾದ್ರೂ ನಿನ್ನ ಕೈ ಹಿಡಿದು ಬಲವಂತವಾಗಿ ಹಾಕಿಸಿದ್ರಾ?"

ತಂತಿ ಜನರ ಹಿಂದಿನಿಂದ ಮುಂದೆ ಬಂದ. ಎಲ್ಲರೂ ಅವನ ಬಾಯನ್ನೇ ನೋಡಿದರು. "ಇಲ್ಲ ಸಾರ್," ಎಂದ.

"ಮುಗೀತಲ್ಲ! ನಿಮ್ಮೋನೇ ಹಾಕಿದಾನೆ ಅಂದ್ರೆ ನಿಮ್ಮೆಲ್ಲರ ಒಪ್ಪಿಗೆ ಇತ್ತು ಅಂತಾಯ್ತು." ಆಫೀಸರ್ ಗಡಿಯಾರ ನೋಡಿಕೊಂಡು ಹೊರಟ.

ಪಾತ್ರೆಯಮ್ಮ ತಂತಿಯ ಕಾಲ ಬುಡಕ್ಕೆ ಥೂ ಎಂದು ಉಗಿದು ಹೋದಳು. ಅವನು ಅಲ್ಲೇ ನಿಂತಿದ್ದ. ತಾಯಿ ಹತ್ತಿರ ಬಂದು, "ನಡಿ ಒಳಗೆ. ಬಿಸಿಲಿದೆ," ಎಂದಳು. ಅವಳು ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ತಾಯಿಗೆ ಆಸ್ತಮಾ. ಮಾತ್ರೆ ಮುಗಿದಿತ್ತು. ಮಗನನ್ನೂ ಸೊಸೆಯನ್ನೂ ಕಾಯದೆ ಅವಳು ಒಂದು ಮಧ್ಯಾಹ್ನ ಒಬ್ಬಳೇ ಚರಂಡಿ ದಾಟಲು ಹೊರಟಳು. ಪೈಪಿನ ಮೇಲೆ ಕೂತು ಮಕ್ಕಳ ಹಾಗೆ ತೆವಳಿಕೊಂಡೇ ಹೋಗುತ್ತಿದ್ದಳಂತೆ. ಕೆಮ್ಮು ಬಂತು. ಕೆಮ್ಮಿನ ಜೊತೆ ಅವಳೂ ಉರುಳಿದಳು.

ಕೂಗು ಕೇಳಿ ತಂತಿ ಓಡಿದ. ಕೊಳಚೆ ಎದೆಯವರೆಗೆ ಬಂತು. ಹೆಂಡತಿಯೂ ಅಕ್ಕಪಕ್ಕದವರೂ ಮೇಲಿನಿಂದ ಕೈ ಕೊಟ್ಟು ಎಳೆದರು. ಅಂಗಳದಲ್ಲಿ ಮಲಗಿಸಿದಾಗ ತಾಯಿಯ ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿ, ಹೊರಕ್ಕೆ ತಿರುಗಿಕೊಂಡಿತ್ತು. ಮುಟ್ಟಿದರೆ ಚೀರುತ್ತಿದ್ದಳು.

ಆಂಬುಲೆನ್ಸ್ ರಸ್ತೆಗೆ ಬಂತು. ಸ್ಟ್ರೆಚರ್ ಹಿಡಿದ ಇಬ್ಬರು ಓಣಿಯೊಳಗೆ ಓಡಿ ಬಂದು ಬೇಲಿಯ ಮುಂದೆ ನಿಂತರು. "ದಾರಿ ಎಲ್ರೀ?" ಎಂದು ಒಬ್ಬ ಕೇಳಿದ.

ತಂತಿ ದೊಡ್ಡ ಮನೆಯ ಹಿತ್ತಲ ಬಾಗಿಲು ಬಡಿದ. ಪಕ್ಕದ ಕಿಟಕಿ ತೆರೆದು ಓನರ್ ಮುಖ ತೋರಿಸಿ ಮೂಗು ಮುಚ್ಚಿಕೊಂಡ.

"ಸಾರ್, ನಮ್ಮಮ್ಮ ಬಿದ್ಬಿಟ್ಳು ಸಾರ್. ಸೊಂಟ ಮುರಿದಿದೆ. ಮನೆಯೊಳಗಿಂದ ದಾಟಿಸ್ಕೊಂಡು ಹೋಗ್ತೀವಿ. ಬಾಗಿಲು ತೆಗೀರಿ ಸಾರ್."

"ತಲೆಗಿಲೆ ಕೆಟ್ಟಿದೆಯೇನೋ? ಹಾಲ್‌ನಲ್ಲಿ ನೆಂಟರು ಕೂತಿದಾರೆ. ಕೊಚ್ಚೆ ಸುರಿಸ್ಕೊಂಡು ಒಳಗೆ ಬರ್ತೀಯಾ?"

"ಹಾಗಾದ್ರೆ ಬೇಲಿ ಬಿಚ್ತೀನಿ ಸಾರ್. ಈಗ ಬಿಚ್ಚಿ ಈಗಲೇ ಕಟ್ತೀನಿ."

"ಮುಟ್ಟಿ ನೋಡು, ಒಳಗೆ ಹಾಕಿಸ್ತೀನಿ. ಹಿಂದ್ಗಡೆ ಬಿದ್ದವಳನ್ನ ಹಿಂದ್ಗಡೆಯಿಂದಲೇ ಹೊತ್ಕೊಂಡು ಹೋಗು." ಕಿಟಕಿ ಮುಚ್ಚಿತು.

ತಂತಿ ಹಣೆಯನ್ನು ಬಾಗಿಲಿಗೆ ಒತ್ತಿ ನಿಂತ. ಒಳಗಡೆ ಚಿಲಕ ಸರಿದ ಸದ್ದಾಯಿತು. ಬಾಗಿಲು ತೆರೆದು ಪಾತ್ರೆಯಮ್ಮ ನಿಂತಿದ್ದಳು. ಮೊಣಕೈವರೆಗೂ ಸೋಪಿನ ನೊರೆ.

"ಬಾಯಿ ಬಿಟ್ಕೊಂಡು ಏನ್ ನೋಡ್ತೀಯಾ ಮುಂಡೇದೇ, ನಿಮ್ಮಮ್ಮನ್ನ ಎತ್ಕೊಂಡು ಬಾ."

ಹೆಂಡತಿ ಆಗಲೇ ಗಾಡಿಯ ಮೇಲಿನ ಕಂಬಳಿ ಎಳೆದು ಬಿಸಾಕಿ ಹಲಗೆ ಕಿತ್ತಿದ್ದಳು. ಮುದುಕಿಯನ್ನು ಅದರ ಮೇಲೆ ಮಲಗಿಸಿದರು. ತಲೆಯ ಕಡೆ ತಂತಿ, ಕಾಲಿನ ಕಡೆ ಹೆಂಡತಿ, ಪಕ್ಕಗಳಲ್ಲಿ ಅಷ್ಟು ದಿನ ಅವನ ಮುಖ ನೋಡದಿದ್ದವರು. ಅಡುಗೆಮನೆ ದಾಟಿ ಹಾಲ್‌ಗೆ ಬಂದರು. ಸೋಫಾದಲ್ಲಿ ಕೂತಿದ್ದ ನೆಂಟರು ಕಾಲು ಮೇಲೆತ್ತಿಕೊಂಡರು. ಹಲಗೆಯಿಂದ ಕಪ್ಪು ನೀರು ಬೆಳ್ಳಗಿನ ನೆಲದುದ್ದಕ್ಕೂ ತೊಟ್ಟಿಕ್ಕಿತು. "ಏಯ್! ಏಯ್! ಯಾರು ಬಾಗಿಲು ತೆಗೆದಿದ್ದು?" ಎಂದು ಓನರ್ ಅಡ್ಡ ಬಂದ. ಹಲಗೆ ನಿಲ್ಲುವ ಲಕ್ಷಣ ಕಾಣದೆ ತಾನೇ ಗೋಡೆಗೆ ಅಂಟಿಕೊಂಡ.

ತಾಯಿ ಹಲ್ಲು ಕಚ್ಚಿಕೊಂಡೇ ಅವನ ಕಡೆ ತಿರುಗಿದಳು. "ಇಷ್ಟು ವರ್ಷ ನಿಮ್ಮ ಬೆನ್ನಿಗಿದ್ದೆ. ಒಳಗೆ ಹಿಂಗಿದೆ ಅಂತ ಗೊತ್ತಿರ್ಲಿಲ್ಲ ಸ್ವಾಮಿ. ಚೆನ್ನಾಗಿದೆ. ಫ್ಯಾನ್ ಗಾಳಿನೂ ಬರುತ್ತೆ."

ಆಸ್ಪತ್ರೆಯಲ್ಲಿ ಡಾಕ್ಟರು ಆಪರೇಷನ್ ಆಗಬೇಕು ಎಂದರು. ಮತ್ತೆ ನಡೆಯುತ್ತಾಳಾ ಎಂದು ಸೊಸೆ ಕೇಳಿದ್ದಕ್ಕೆ ವಯಸ್ಸು ಎಷ್ಟು ಎಂದು ತಿರುಗಿ ಕೇಳಿ, ಮುಂದಿನ ಮಂಚಕ್ಕೆ ಹೋದರು.

ಮರುದಿನ ಬೆಳಿಗ್ಗೆ ಬಟ್ಟೆಬರೆ ತರಲು ಗಂಡಹೆಂಡಿರು ಮನೆಗೆ ಬಂದಾಗ ಪಾತ್ರೆಯಮ್ಮ ಅಂಗಳದ ಕಲ್ಲಿನ ಮೇಲೆ ಸುಮ್ಮನೆ ಕೂತಿದ್ದಳು. ಅವಳ ಕೆಲಸ ಹೋಗಿತ್ತು. ಓನರ್ ಬೇಲಿಯ ಆಚೆಯಿಂದ ತಂತಿಯನ್ನು ಕರೆದ. ಜೊತೆಗೆ ಬಾಮೈದನೂ ಇದ್ದ.

"ಹೇಗಿದಾಳೋ ನಿಮ್ಮಮ್ಮ? ಪಾಪ. ನೋಡು, ನಿನ್ನೆದನ್ನ ನಾನು ಮನಸ್ಸಿಗೆ ಹಚ್ಕೊಂಡಿಲ್ಲ. ಮನೆಗೆ ನುಗ್ಗಿದ್ರು ಅಂತ ಕಂಪ್ಲೇಂಟ್ ಕೊಡ್ಬೋದಿತ್ತು, ಕೊಟ್ಟಿಲ್ಲ. ನೀನು ಒಂದು ಕೆಲಸ ಮಾಡು. ಹಿತ್ತಲ ಬಾಗಿಲಿಗೆ ಒಂದು ಗಟ್ಟಿ ಗ್ರಿಲ್ ಕೂರಿಸು. ಇವತ್ತೇ ಆಗ್ಬೇಕು. ಹೋಗು, ಸಾಮಾನು ತಗೊಂಡು ಬಾ."

"ಆಯ್ತು ಸಾರ್," ಎಂದ ತಂತಿ.

ಅವನು ಕೋಣೆಯೊಳಗೆ ಹೋಗಿ ಸಾಮಾನಿನ ಚೀಲ ಹೆಗಲಿಗೆ ಹಾಕಿಕೊಂಡಾಗ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. "ನೀನೇನಾದ್ರೂ ಆ ಗ್ರಿಲ್ ಹಾಕಿದ್ರೆ, ಇವತ್ತಿಗೆ ನಿಂಗೂ ನಂಗೂ ತೀರ್ತು." ಅವನು ಅವಳ ಭುಜ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿ ಹೊರಬಿದ್ದ.

ಹಿತ್ತಲ ಬಾಗಿಲ ಕಡೆ ಹೋಗಲಿಲ್ಲ. ನೇರ ಬೇಲಿಯ ಮುಂದೆ ಬಂದು ಚೀಲ ಕೆಳಗಿಟ್ಟ. ಕಟ್ಟರ್ ತೆಗೆದು ಮೇಲಿನ ತಂತಿಗೆ ಕಚ್ಚಿಸಿದ.

"ಏನೋ ಮಾಡ್ತಾ ಇದ್ದೀಯಾ?" ಎಂದ ಓನರ್.

ತಂತಿ ಅದುಮಿದ. ಬಿಗಿದಿದ್ದ ಮುಳ್ಳುತಂತಿ ಹಾವಿನ ಹಾಗೆ ಸುಯ್ಯೆಂದು ಹಾರಿ ಅವನ ಕೆನ್ನೆ ಸೀಳಿಕೊಂಡು ಹೋಯಿತು. ಓನರ್ ಹಿಂದಕ್ಕೆ ಜಿಗಿದ. ಬಾಮೈದ ಬಾಯಿಗೆ ಬಂದದ್ದೆಲ್ಲ ಬೈಯುತ್ತ ಫೋನು ತೆಗೆದ. ತಂತಿ ರಕ್ತ ಒರೆಸಿಕೊಳ್ಳಲಿಲ್ಲ. ಎರಡನೆಯದನ್ನು ಕತ್ತರಿಸಿದ. ಅದರ ಕೆಳಗಿನದನ್ನು ಕತ್ತರಿಸಿದ. ಸಾಲಿನ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ಪಾತ್ರೆಯಮ್ಮ ಎದ್ದು ಬಂದು ಕತ್ತರಿಸಿ ಬಿದ್ದ ತಂತಿಯನ್ನು ಕಾಲಿಗೆ ಚುಚ್ಚದ ಹಾಗೆ ಕೋಲಿನಿಂದ ಬದಿಗೆ ಎಳೆದಳು. ಆಮೇಲೆ ಎಲ್ಲರೂ ಬಂದರು. ಕಂಬಗಳನ್ನು ಅಲ್ಲಾಡಿಸಿದರು, ಹಾರೆ ಹಾಕಿ ಎಬ್ಬಿಸಿದರು.

ಪೊಲೀಸ್ ಜೀಪು ಬಂದಾಗ ಕೊನೆಯ ಕಂಬ ಮಲಗಿತ್ತು. ಇನ್ಸ್‌ಪೆಕ್ಟರ್ ಲಾಠಿಯಿಂದ ಅದನ್ನು ತಟ್ಟಿದ.

"ಯಾವನೋ ಕಿತ್ತಿದ್ದು?"

"ನಾನೇ ಸಾರ್," ಎಂದ ತಂತಿ.

"ಹಾಕಿದ್ದು ಯಾರು?"

"ಅದೂ ನಾನೇ."

"ತಲೆ ಕೆಟ್ಟಿದೆಯಾ ನಿಂಗೆ?"

"ಹಾಕೋವಾಗ ಕೆಟ್ಟಿತ್ತು ಸಾರ್."

ಕೆನ್ನೆಗೆ ಬಿದ್ದ ಏಟಿಗೆ ಗಾಯ ಮತ್ತೆ ಬಾಯಿ ಬಿಟ್ಟಿತು. ಅವನನ್ನು ಜೀಪಿನ ಹಿಂಬದಿಗೆ ತಳ್ಳಿದರು. ಪಾತ್ರೆಯಮ್ಮ ಕೂಗಾಡುತ್ತ ಜೀಪಿನವರೆಗೂ ಹೋದಳು. ಜನ ಓಣಿಯ ತುಂಬ ನೆರೆದಿದ್ದರು. ಓನರ್ ತನ್ನ ಗೇಟಿನೊಳಗೆ ಸೇರಿಕೊಂಡು ಅಗುಳಿ ಹಾಕಿಕೊಂಡ.

ಜೀಪು ಚಾಲೂ ಆಯಿತು, ಆದರೆ ಮುಂದೆ ಸಾಗಲಿಲ್ಲ. ತಂತಿ ಸರಳಿನ ಸಂದಿನಿಂದ ನೋಡಿದ. ಹೆಂಡತಿ ಇಸ್ತ್ರಿ ಗಾಡಿಯನ್ನು ಓಣಿಯಿಂದ ಹೊರತಂದು ಜೀಪಿನ ಮುಂದೆಯೇ ರಸ್ತೆಗೆ ಅಡ್ಡಲಾಗಿ ದಾಟಿಸುತ್ತಿದ್ದಳು. ಡ್ರೈವರ್ ಹಾರನ್ ಒತ್ತಿದ. "ಸರಿಯಮ್ಮಾ ಆಚೆ!" ಎಂದು ಕಿರುಚಿದ. ಮತ್ತೆ ಒತ್ತಿದ. ಅವಳು ತಿರುಗಿ ನೋಡಲಿಲ್ಲ, ಅವಸರ ಮಾಡಲಿಲ್ಲ. ಎಷ್ಟು ನಿಧಾನವಾಗಿ ತಳ್ಳಬಹುದೋ ಅಷ್ಟು ನಿಧಾನವಾಗಿ ತಳ್ಳುತ್ತಲೇ ಇದ್ದಳು.