ಹಗೇವಿನ ಬಾಯಿ

ಶಾರದವ್ವನ ಮನೆಯಲ್ಲಿ ಒಂದು ತಂಬಿಗೆ ನೀರು ಸುಮ್ಮನೆ ಚೆಲ್ಲುವ ಹಾಗಿರಲಿಲ್ಲ. ಅಕ್ಕಿ ತೊಳೆದದ್ದು ಎಮ್ಮೆಗೆ, ಮುಖ ತೊಳೆದದ್ದು ಕರಿಬೇವಿನ ಗಿಡಕ್ಕೆ. ಕುಂದಗೋಳಕ್ಕೆ ಸೊಸೆಯಾಗಿ ಬಂದ ಕಾಲಕ್ಕೆ ಕೆರೆಯಿಂದ ಕೊಡ ಹೊತ್ತು ಹೊತ್ತು ನೆತ್ತಿಯ ಕೂದಲು ಸವೆಸಿಕೊಂಡವಳು ಆಕೆ. ಹೀಗಾಗಿ ಮಗ ಈರೇಶ ಹಳೆಯ ಮನೆ ಕೆಡವಿ ಮದುವೆಯ ಮಂಗಲ ಕಾರ್ಯಾಲಯ ಕಟ್ಟಲು ನಿಂತಾಗ, ಬಣ್ಣ, ಕಮಾನು, ಕುರ್ಚಿ ಎಲ್ಲ ನಿನಗೇ ಬಿಟ್ಟಿದ್ದು, ನೀರಿನ ವಿಚಾರ ಮಾತ್ರ ನನ್ನದು ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಳು.

ಅಲ್ಲಿ ಬೋರಿನ ನೀರು ಸವುಳು. ಬೇಳೆ ಬೇಯುವುದಿಲ್ಲ, ಸಾಬೂನಿಗೆ ನೊರೆ ಬರುವುದಿಲ್ಲ. ಹುಬ್ಬಳ್ಳಿಯಿಂದ ಬಂದ ಎಂಜಿನಿಯರ್ ಕಿರಣಕುಮಾರ ಜಾಗವನ್ನೆಲ್ಲ ತಿರುಗಾಡಿ ನೋಡಿ, ಇಷ್ಟು ದೊಡ್ಡ ಮಾಳಿಗೆ ಬರುತ್ತದೆ, ಮಳೆನೀರು ಹಿಡಿಯುವ ಒಂದು ಟಾಕಿ ಇದ್ದರೆ ಸಾಕು ಎಂದ.

"ಮತ್ತ ಮಂದಿ ಜಳಕಾ ಮಾಡಿದ್ದು, ಕೈ ತೊಳಕೊಂಡದ್ದು?" ಶಾರದವ್ವ ಬಿಡಲಿಲ್ಲ. "ಅಷ್ಟೂ ಗಟಾರಕ್ಕ ಹೋಗಬೇಕೇನ್ರಿ? ಅದನ್ನ ಸೋಸಿ ಪಾಯಖಾನಿಗೆ ಬಿಡೂ ಮಷಿನ್ ಬಂದೈತಂತಲ್ಲ."

"ಬಂದೈತ್ರಿ ಅವ್ವಾರ. ಆದ್ರ ಅದು ದಿನಾ ಮಂದಿ ಇರೂ ಕಟ್ಟಡಕ್ಕ. ಬಳಸಿದ ನೀರು ನಿಂತ್ರ ಕೊಳೀತೈತಿ. ಆಷಾಢದಾಗ ನಿಮ್ಮಲ್ಲೆ ಮದವಿ ಇರಂಗಿಲ್ಲ. ಆವಾಗ ಅಷ್ಟೂ ಹೊರಗ ಹಾಕಿ ಟಾಕಿ ಒಣಗಸಬೇಕಾಗತೈತಿ."

"ಒಣಗಸೂಣಂತ ತಗೋರಿ. ಅದೇನ ದೊಡ್ಡ ಮಾತು?"

ಕಡೆಗೆ ಎರಡೂ ಆದವು. ಮುಂದೆ ಮಳೆನೀರಿನ ಟಾಕಿ, ಹಿತ್ತಲಲ್ಲಿ ಬಳಸಿದ ನೀರಿನದು. ಹಿತ್ತಲಲ್ಲಿ ಮಾವನವರ ಕಾಲದ ಹಗೇವು ಇತ್ತು. ಹಿಂದೆ ವರ್ಷದ ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜ ಅದು; ಹೊಟ್ಟೆ ಅಗಲ, ಬಾಯಿ ಮಾತ್ರ ಒಬ್ಬ ಆಳು ಇಳಿಯುವಷ್ಟು. ಇದ್ದ ಕುಣಿ ಬಿಟ್ಟು ಹೊಸದನ್ನು ಯಾಕೆ ತೋಡುತ್ತೀರಿ ಎಂದು ಶಾರದವ್ವ ಅದಕ್ಕೇ ಸಿಮೆಂಟು ಬಳಿಸಿದಳು. ಬಾಯಿ ಅಗಲ ಮಾಡಿ, ಗಾಳಿ ಹೋಗಲು ಎತ್ತರದ ಪೈಪು ನಿಲ್ಲಿಸಬೇಕೆಂದು ಕಿರಣಕುಮಾರ ಹಟ ಹಿಡಿದ. ಉಣ್ಣುವವರ ಮೂಗಿಗೆ ನಾತ ಹೊಡೆಯುತ್ತದೆ ಎಂದು ಅದನ್ನೂ ಆಕೆ ತಳ್ಳಿಹಾಕಿದಳು. ಹಳೆಯ ಕಲ್ಲಿನ ಮುಚ್ಚಳವೇ ಮತ್ತೆ ಬಾಯಿಗೆ ಬಂದು ಕೂತಿತು.

ಮೊದಲ ವರ್ಷದ ಲಗ್ನಗಳು ಚಲೋ ಆದವು. ಹಿತ್ತಲ ಗಿಡಗಳೆಲ್ಲ ಅದೇ ನೀರಿನಲ್ಲಿ ಚಿಗುರಿದವು, ಬಂದ ಬೀಗರಿಗೆಲ್ಲ ಶಾರದವ್ವ ಅದನ್ನು ತೋರಿಸಿದ್ದೇ ತೋರಿಸಿದ್ದು. ಆಷಾಢ ಬಂತು. ಟಾಕಿ ಖಾಲಿ ಮಾಡಲೇ ಎಂದು ವಾಚಮನ್ ತಿರಕಪ್ಪ ಎರಡು ಸಲ ಕೇಳಿದ. ತುಂಬಿದ ಟಾಕಿ ಚೆಲ್ಲಲು ಆಕೆಗೆ ಕೈಯೇ ಬರಲಿಲ್ಲ. "ಇರಲಿ ಬಿಡೋ, ಶ್ರಾವಣಕ್ಕ ಬೇಕಾಗತೈತಿ" ಎಂದಳು.

ಶ್ರಾವಣದ ಮೊದಲ ಲಗ್ನದ ಹಿಂದಿನ ದಿನ ಹಿತ್ತಲ ಟಾಕಿಯ ಮೋಟರು ನೀರೆತ್ತಲಿಲ್ಲ. ಸಂಜೆಗೆ ಹೆಣ್ಣಿನವರು ಬರುವವರಿದ್ದರು. ಅಡಿಗೆಯವರು ಆಗಲೇ ಒಲೆ ಹೂಡಿದ್ದರು. ತಿರಕಪ್ಪ ಕಲ್ಲು ಸರಿಸಿದವನೇ ಹಿಂದೆ ಸರಿದು ನಿಂತ.

"ನಾತ ಭಾಳ ಐತ್ರಿ ಅವ್ವಾರ. ನಾಳಿಗೆ ನೋಡೂಣೇನ್ರಿ?"

"ನಾಳಿಗೆ ಮಂದಿ ಪಾಯಖಾನಿಗೆ ಎಲ್ಲಿಗೆ ಹೋಗ್ತಾರೋ? ಗಂಡಸಾಗಿ ನಾತಕ್ಕ ಅಂಜತಿ? ಮೂಗಿಗೆ ಟಾವೆಲ್ ಕಟ್ಟಿಗೊಂಡು ಇಳಿ. ಪೈಪಿನ ಬಾಯಾಗ ಏನರ ಸಿಕ್ಕೊಂಡಿರತೈತಿ, ತಗದು ಬಾ."

ತಿರಕಪ್ಪ ಟಾವೆಲ್ ಕಟ್ಟಿಕೊಂಡ. ಏಣಿ ಇಳಿಯುತ್ತ ಆಕೆಯನ್ನು ನೋಡಿ ಸ್ವಲ್ಪ ನಕ್ಕ. ತಲೆ ಒಳಗೆ ಮರೆಯಾಯಿತು. ಆಮೇಲೆ ದೊಪ್ಪನೆ ನೀರಿಗೆ ಬಿದ್ದ ಸದ್ದು. ಶಾರದವ್ವ ಕೂಗಿದಳು. ಒಳಗಿನಿಂದ ಹೂಂ ಎನ್ನುವವರೇ ಇಲ್ಲ.

ಕೂಗಿಗೆ ಈರೇಶ ಓಡಿ ಬಂದ. ಅಂಗಳ ಗುಡಿಸುತ್ತಿದ್ದ ತಿರಕಪ್ಪನ ಹೆಂಡತಿ ಫಕ್ಕೀರವ್ವ ಕಸಬರಿಗೆ ಕೈಯಲ್ಲಿ ಹಿಡಿದೇ ಓಡಿ ಬಂದಳು. ಈರೇಶ ಅಂಗಿ ಕಿತ್ತೊಗೆದು ಏಣಿಗೆ ಕಾಲಿಟ್ಟ. ಆಗ ಶಾರದವ್ವನಿಗೆ ಕಂದೀಲು ಕಣ್ಣಿಗೆ ಕಟ್ಟಿತು. ಹಗೇವು ತೆರೆದ ದಿನ ಮಾವನವರು ಯಾರನ್ನೂ ಇಳಿಯಗೊಡುತ್ತಿರಲಿಲ್ಲ. ಮರುದಿನ ಹಗ್ಗಕ್ಕೆ ಕಂದೀಲು ಕಟ್ಟಿ ಒಳಗೆ ಬಿಡುತ್ತಿದ್ದರು. ದೀಪ ಉಳಿದರೆ ಆಳು ಇಳಿಯಬೇಕು, ಆರಿದರೆ ಇಲ್ಲ. ಆ ಹಗ್ಗ ಹಿಡಿದು ನಿಲ್ಲುತ್ತಿದ್ದವಳು ಹೊಸ ಸೊಸೆ ಶಾರದವ್ವನೇ.

ಆಕೆ ಮಗನ ಸೊಂಟಕ್ಕೆ ಜೋತುಬಿದ್ದು, ಎಳೆದು ನೆಲಕ್ಕೆ ಕೆಡವಿ, ಅವನ ಮೇಲೆಯೇ ಕುಸಿದಳು.

"ಅವ್ವಾ, ಬಿಡ ಬೇ! ಅಂವಾ ಸಾಯ್ತಾನ!"

"ಇಳಿದ್ರ ನೀನೂ ಸಾಯ್ತಿ! ಒಳಗ ಉಸರಾಡೂ ಗಾಳಿ ಇಲ್ಲೋ! ಹಗೇವ್ಯಾಗ ಕಂದೀಲ ಆರತಿತ್ತು, ನಾ ಕಂಡೇನಿ!"

ಫಕ್ಕೀರವ್ವ ಕಾಲು ಹಿಡಿದಳು. "ಬಿಡ್ರಿ ಅವ್ವಾರ, ನಿಮ್ಮ ಪಾದಕ್ಕ ಬೀಳತೇನಿ, ಸಣ್ಣ ಸಾವಕಾರ್ನ ಬಿಡ್ರಿ." ಶಾರದವ್ವ ಬಿಡಲಿಲ್ಲ. ಫಕ್ಕೀರವ್ವ ತಾನೇ ಇಳಿಯಲು ಹೋದಾಗ ಅಡಿಗೆಯವರು ಹಿಡಿದು ನಿಲ್ಲಿಸಿದರು. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡ ಅಗ್ನಿಶಾಮಕದವರು ಬಂದು ತಿರಕಪ್ಪನನ್ನು ಮೇಲೆತ್ತಿದಾಗ ಮೂಗಿನ ಟಾವೆಲ್ ಹಾಗೆಯೇ ಇತ್ತು. ಎಲ್ಲ ಮುಗಿದು ಹೋಗಿತ್ತು. ಒಳಗೆ ವಿಷದ ಗಾಳಿ ತುಂಬಿತ್ತು, ಇನ್ನೊಬ್ಬ ಇಳಿದಿದ್ದರೆ ಎರಡು ಹೆಣ ಆಗುತ್ತಿತ್ತು ಎಂದು ಅವರು ಹೇಳಿದರು. ಊರ ಮಂದಿ ಶಾರದವ್ವನ ಬುದ್ಧಿಯನ್ನು ಹೊಗಳಿದರು. ಆ ಹೊಗಳಿಕೆ ಕೇಳಲಾರದೆ ಆಕೆ ಎದ್ದು ಒಳಗೆ ಹೋದಳು.

ಮಣ್ಣಾದ ಮೇಲೆ ಶಾರದವ್ವ ಒಬ್ಬಳೇ ಫಕ್ಕೀರವ್ವನ ಮನೆಗೆ ಹೋದಳು. ಮಕ್ಕಳ ಶಾಲೆ ನಮ್ಮ ಜಿಮ್ಮೆ, ನೀ ಏನೂ ಚಿಂತಿ ಮಾಡಬ್ಯಾಡ ಎಂದಳು. ಟಾಕಿ ಮುಚ್ಚಿಸಿಬಿಡುತ್ತೇವೆ ಎಂದಳು. ಫಕ್ಕೀರವ್ವ ಗೋಡೆಗೆ ಒರಗಿ ಎಲ್ಲವನ್ನೂ ಕೇಳಿಸಿಕೊಂಡಳು. ಸಿಟ್ಟು ಮಾಡಲಿಲ್ಲ.

"ಮಗನ್ನ ಹಿಡಕೊಂಡಿದ್ದು ತಪ್ಪಲ್ರಿ ಅವ್ವಾರ. ನಾನಾದ್ರೂ ಹಿಡಕೋತಿದ್ದೆ," ಎಂದಳು. "ಒಂದ ಮಾತ ಕೇಳತೇನಿ. ಆ ಕಂದೀಲು ನಮ್ಮಂವ ಇಳಿಯೂ ಮುಂದ ಯಾಕ ನೆನಪಾಗಲಿಲ್ರಿ?"

ಉತ್ತರ ಶಾರದವ್ವನಿಗೆ ಗೊತ್ತಿತ್ತು, ಫಕ್ಕೀರವ್ವನಿಗೂ ಗೊತ್ತಿತ್ತು. ಶಾರದವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತಳು. ಎದ್ದು ಹೋಗ್ರಿ ಎಂದು ಫಕ್ಕೀರವ್ವ ಹೇಳಲಿಲ್ಲ.