ಆನೆ ಸೇವೆಗೆ ಹೊರಟವಳ ಆಯಿ

ಎಮ್ಮೆ ಈದ ಸುದ್ದಿ ಊರಿಗೆ ಹಬ್ಬಲು ಒಂದು ದಿನ ಬೇಕು. ಮಗಳು ಪರದೇಶಕ್ಕೆ ಹೊರಟ ಸುದ್ದಿಗೆ ಒಂದು ಗಳಿಗೆ ಸಾಕು. ಎರಡು ಸಾವಿರದ ಏಳನೆಯ ಇಸವಿಯಲ್ಲಿ ಭಾವಿಕೇರಿಯ ಮಂಗಲಾಳ ಮನೆಯಲ್ಲಿ ಆದದ್ದೂ ಹೀಗೇ.

ಮಂಗಲಾಳ ಒಬ್ಬಳೇ ಮಗಳು ನೀತಾ ಕಾರವಾರದ ಆಸ್ಪತ್ರೆಯೊಂದರಲ್ಲಿ ನರ್ಸ್. ಗಾಯ ತೊಳೆದು ಪಟ್ಟಿ ಕಟ್ಟುವಾಗ ಅವಳ ಕೈ ಬಹಳ ಹಗುರ ಎಂದು ರೋಗಿಗಳು ಅವಳನ್ನೇ ಹೆಸರು ಹಿಡಿದು ಕರೆಯುತ್ತಿದ್ದರು. ಶನಿವಾರ ಮನೆಗೆ ಬಂದವಳು ಅನ್ನಕ್ಕೆ ಬಂಗಡೆ ಮೀನಿನ ಸಾರು ಕಲಸುತ್ತ ಸಾವಕಾಶವಾಗಿ ಬಾಯಿ ಬಿಟ್ಟಳು.

"ಆಯಿ, ನಾ ರಜೆ ಹಾಕಿ ಥೈಲ್ಯಾಂಡಿಗೆ ಹೋಗ್ಬೇಕು ಅಂತ ಮಾಡಿದ್ದೆ. ಅಲ್ಲಿ ಮುದಿ ಆನೆ, ಪೆಟ್ಟಾದ ಆನೆ ಸಾಕೂ ಜಾಗ ಅದೆ. ಸಂಬಳ ಇಲ್ಲ. ಬರೀ ಸೇವೆ."

ಮಂಗಲಾಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

"ಆನೆ ಸೇವೆಯಾ? ನಮ್ಮ ಎಮ್ಮೆಗೆ ಒಂದಿನ ಹುಲ್ಲು ಹಾಕಿದ್ಯಾ ನೀನು?"

"ಹಾಕಿದ್ದೆ ಅಲಾ, ನಿಂಗೆ ಜ್ವರ ಬಂದಾಗ."

"ಹಾಕಿದ್ದೆ! ಎಮ್ಮೆ ಮೋರೆ ತಿರುಗಿಸ್ಕೊಂಡು ನಿಂತಿತ್ತು."

ನೀತಾಳ ಅಪ್ಪ ರಾಮನಾಥ ತಟ್ಟೆಯಿಂದ ತಲೆ ಎತ್ತಲಿಲ್ಲ. ತಾಯಿ ಮಗಳು ಮಾತಿಗೆ ಇಳಿದಾಗ ಮೀನಿನ ಮುಳ್ಳು ಬಿಡಿಸುತ್ತ ಕೂರುವುದೇ ಕ್ಷೇಮ ಎಂದು ಆತ ಎಂದೋ ಅರಿತಿದ್ದ.

"ನೀ ಬೇಡ ಅಂದ್ರೆ ಹೋಗೂದಿಲ್ಲ ಆಯಿ," ಎಂದಳು ನೀತಾ. ಇದು ಮಂಗಲಾಳಿಗೆ ಇನ್ನೂ ಕಷ್ಟವಾಯಿತು. ಜಗಳವಾಡಿದ್ದರೆ ಬೈದು ಮುಗಿಸಬಹುದಿತ್ತು. ಈಗ ಹೌದು ಅನ್ನುವುದೂ ಇಲ್ಲ ಅನ್ನುವುದೂ ತನ್ನ ತಲೆಗೇ ಬಂತು. ಗೊತ್ತಿಲ್ಲದ ದೇಶ, ಗೊತ್ತಿಲ್ಲದ ಜನ, ಅಷ್ಟು ದೊಡ್ಡ ಪ್ರಾಣಿ. ಚಿಕ್ಕವಳಿದ್ದಾಗ ಈ ಹುಡುಗಿ ನಿದ್ದೆಯಲ್ಲಿ ಬೆಚ್ಚಿ ಬಿದ್ದು ಅಳುತ್ತಿದ್ದಳು. ಏನಾದರೂ ಆದರೆ ಅಲ್ಲಿ ಎತ್ತಿಕೊಳ್ಳುವವರು ಯಾರು?

ಮರುದಿನ ಬೆಳಿಗ್ಗೆ ನೆರೆಮನೆಯ ಗಂಗೂ ಹೆಡಿಗೆ ಸೊಂಟಕ್ಕಿಟ್ಟುಕೊಂಡೇ ಬಂದಳು.

"ಹೌದನೇ ಮಂಗಲಾ, ನಿನ್ನ ಮಗಳು ಆನೆ ಇರೂ ಊರಿಗೆ ಹೋಗ್ತದೆ ಅಂತಲ್ಲ? ಹಂಗಾರೆ ಬಾಲದ ಕೂದಲು ತರೂಕೆ ಹೇಳು ಮಾರಾಯ್ತಿ. ನನ್ನ ಮೊಮ್ಮಗಳು ರಾತ್ರಿ ಬೆಚ್ಚಿ ಬೀಳ್ತದೆ."

ಊರೂರು ತಿರುಗುವ ಆನೆ ಅಂಗಳಕ್ಕೆ ಬಂದರೆ ಅಕ್ಕಿ ಕಾಯಿ ಕೊಟ್ಟು, ಮಾವುತನ ಹತ್ತಿರ ಬಾಲದ ಒಂದು ಕೂದಲು ಕೇಳುವುದು ಅಲ್ಲಿಯ ಹಳೆಯ ರೂಢಿ. ಆ ಕೂದಲನ್ನು ಉಂಗುರಕ್ಕೆ ಸೇರಿಸಿ ಹಾಕಿದರೆ ಮಕ್ಕಳ ಹೆದರಿಕೆ ಹೋಗುತ್ತದೆ ಎಂಬ ನಂಬಿಕೆ. ನೀತಾಳಿಗೂ ಮಂಗಲಾ ಅಂಥ ಉಂಗುರ ಹಾಕಿಸಿದ್ದಳು.

ಮಧ್ಯಾಹ್ನದೊಳಗೆ ಕೇರಿಯ ಅರ್ಧ ಮನೆಗಳಿಂದ ಕೂದಲಿಗೆ ಬೇಡಿಕೆ ಬಂತು. ಒಬ್ಬಳು ಅಳಿಯನಿಗೆ ಕೇಳಿದಳು, ಇನ್ನೊಬ್ಬಳು ಹೊಸ ದೋಣಿ ತೆಗೆದುಕೊಂಡ ತಮ್ಮನಿಗೆ. ಮಗಳಿಂದ ಇಷ್ಟು ಜನಕ್ಕೆ ಉಪಕಾರವಾಗುತ್ತದೆ ಎಂದರೆ ಯಾವ ತಾಯಿಯ ಮನಸ್ಸು ಕರಗದು? ಮಂಗಲಾಳ ಮನಸ್ಸೂ ಬೆಣ್ಣೆಯಾಯಿತು.

"ಆಯ್ತು, ಹೋಗು," ಎಂದಳು. "ಆದ್ರೆ ಕೂದಲು ಸಿಗೂ ಜಾಗಕ್ಕೇ ಹೋಗ್ಬೇಕು."

ನೀತಾ ಸೈಬರ್ ಕೆಫೆಯಿಂದ ಎರಡು ಜಾಗಗಳ ವಿವರ ತಂದಿದ್ದಳು. ಒಂದು ಬಣ್ಣಬಣ್ಣದ್ದು. ಅಲ್ಲಿ ಆನೆ ಸವಾರಿ ಇತ್ತು, ಮರಿಯಾನೆಯನ್ನು ತಬ್ಬಿಕೊಂಡು ಫೋಟೋ ತೆಗೆಸಬಹುದಿತ್ತು, ಆನೆ ಸೊಂಡಿಲಲ್ಲಿ ಚಿತ್ರ ಬರೆಯುತ್ತಿತ್ತು, ಬರುವಾಗ ಬಾಲದ ಕೂದಲಿನ ಬಳೆಯೂ ಸಿಗುತ್ತಿತ್ತು. ಇನ್ನೊಂದು ಬರೀ ಕಪ್ಪು ಬಿಳುಪು. ಹುಲ್ಲು ಕೊಯ್ಯಬೇಕು, ಲದ್ದಿ ಬಾಚಬೇಕು, ಆಹಾರ ಬೇಯಿಸಬೇಕು, ಆನೆಯನ್ನು ಮುಟ್ಟುವಂತಿಲ್ಲ ಎಂದಿತ್ತು.

ಗಂಗೂ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಲದ್ದಿ ಬಾಚೂಕೆ ಥೈಲ್ಯಾಂಡಿಗೆ ಹೋಗ್ಬೇಕಾ? ನಮ್ಮ ಕೊಟ್ಟಿಗೆ ಎಂತ ಪಾಪ ಮಾಡಿತ್ತು?"

ನೀತಾಳಿಗೂ ಬಣ್ಣದ ಫೋಟೋದ ಮೇಲೆಯೇ ಕಣ್ಣು. ಮರಿಯಾನೆಯನ್ನು ತಬ್ಬಿಕೊಳ್ಳುವ ಆಸೆ ಯಾರಿಗಿಲ್ಲ? ಆದರೂ ಒಂದು ಮಾತು ಕೇಳೋಣ ಎಂದು ಮಾಜಾಳಿಯ ಗೆಳತಿ ಮಂದಾಕಿನಿಗೆ ಫೋನ್ ಮಾಡಿದಳು. ಮಂದಾಕಿನಿ ದಿನಾ ಗೋವಾಕ್ಕೆ ಹೋಗಿ ಪ್ರಾಣಿಗಳ ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. ಹಿಂದಿನ ವರ್ಷ ತಾನೇ ಥೈಲ್ಯಾಂಡಿನಲ್ಲಿ ಆನೆಗಳ ಆರೈಕೆ ಮಾಡಿ ಬಂದಿದ್ದಳು.

ಅದೇ ಭಾನುವಾರ ಸಂಜೆ ಅವಳು ಬಂದಾಗ ಮಂಗಲಾ ಕೊಟ್ಟಿಗೆಯಲ್ಲಿದ್ದಳು. ಮಂದಾಕಿನಿ ಅಲ್ಲಿಗೇ ಹೋಗಿ ಕಂಬಕ್ಕೆ ಒರಗಿ ನಿಂತಳು.

"ಮಾವಶಿ, ನೀತಾನ ಕಳ್ಸು. ಆದ್ರೆ ಆ ಬಣ್ಣದ ಜಾಗಕ್ಕೆ ಬೇಡ."

"ಎಂತಕ್ಕೆ? ಅಲ್ಲಿ ಆನೆ ಎಷ್ಟು ಪಾಪದ್ದು ಕಾಣ್ತದೆ. ಜನರನ್ನ ಕೂರಿಸ್ಕೊಂಡು ಸುಮ್ಮನೆ ನಡೀತದೆ."

"ಹುಟ್ಟಾ ಯಾವ ಆನೆನೂ ಹಾಗೆ ನಡೆಯುದಿಲ್ಲ ಮಾವಶಿ. ಅಂಥ ಎಷ್ಟೋ ಕಡೆ ಮರಿನ ತಾಯಿಯಿಂದ ಬಿಡಿಸ್ತಾರೆ. ಅಲ್ಲಾಡೂಕೆ ಆಗದ ಹಾಗೆ ಕಟ್ತಾರೆ. ಹೊಡೀತಾರೆ, ಉಪವಾಸ ಹಾಕ್ತಾರೆ. ಮನುಷ್ಯನ ಕಂಡ್ರೆ ನಡುಗಬೇಕು, ಅಲ್ಲಿತನಕ. ಆಮೇಲೆ ಅದು ಹೇಳಿದ್ದು ಕೇಳ್ತದೆ. ನಾವು ಅದನ್ನ ಪಾಪದ್ದು ಅಂತೇವೆ."

ಮಂಗಲಾ ಎಮ್ಮೆಯ ಕೆಚ್ಚಲಿನಿಂದ ಕೈ ತೆಗೆದಳು.

"ಕೂದಲು ಉದುರಿದ್ದೇ ಕೊಡ್ತಾರೆ ಅಲಾ?" ಎಂದು ಮೆಲ್ಲಗೆ ಕೇಳಿದಳು.

"ಬೇಡಿಕೆ ಇಷ್ಟಿದ್ರೆ ಉದುರೂತನಕ ಯಾರು ಕಾಯ್ತಾರೆ? ಕಿತ್ತು ಕಿತ್ತು ಬಾಲ ಬೋಳಾದ ಆನೆನ ನಾನೇ ನೋಡಿದ್ದೆ. ನಿಮ್ಮ ಎಮ್ಮೆಗೆ ಬಾಲದಲ್ಲಿ ಕೂದಲಿಲ್ದೆ ಇದ್ರೆ ಈ ನೊಣ ಹೆಂಗೆ ಹೊಡ್ಕೊಳ್ತದೆ ಹೇಳು? ಮತ್ತೆ ಆನೆ ಕೂದಲು, ದಂತ ಒಂದು ದೇಶದಿಂದ ಇನ್ನೊಂದಕ್ಕೆ ತರೂದು ಕಾನೂನಿಗೂ ವಿರುದ್ಧ. ವಿಮಾನ ನಿಲ್ದಾಣದಲ್ಲೇ ಹಿಡೀತಾರೆ."

ಎಮ್ಮೆ ಬಾಲ ಬೀಸಿತು. ನೊಣಗಳೆದ್ದು ಮತ್ತೆ ಕೂತವು. ಮಂಗಲಾ ಹಾಲು ಕರೆಯುವುದನ್ನು ಬಿಟ್ಟು ಕುಕ್ಕರುಗಾಲಿನಲ್ಲೇ ಕೂತುಬಿಟ್ಟಳು. ಎಮ್ಮೆಯ ಕಷ್ಟ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಆನೆಗೂ ಕಷ್ಟವಿದೆ ಎಂದು ಯೋಚಿಸಿರಲಿಲ್ಲ. ಅದು ದೇವರ ಪ್ರಾಣಿ, ಕೈ ಮುಗಿದರೆ ಆಯಿತು ಎಂದುಕೊಂಡಿದ್ದಳು. ತಾಯಿಯಿಂದ ಬಿಡಿಸಿದ ಮರಿಯನ್ನು ನೆನೆದು ಅವಳು ಎಮ್ಮೆಯ ಮೈ ಸವರಿದಳು.

"ನಮ್ಮ ಮಕ್ಕಳ ಹೆದರಿಕೆ ಬಿಡಿಸೂಕೆ ಇನ್ನೊಂದು ತಾಯಿ ಮಗುನ ಹೆದರಿಸೂದಾ?" ಎಂದಳು. "ಇದು ಯಾವ ಸೇವೆ!"

ಒಳಗೆ ಬಂದು, ಕೂದಲಿನ ಸುದ್ದಿಗೆಂದು ಮತ್ತೆ ಬಂದು ಕೂತಿದ್ದ ಗಂಗೂವಿನ ಎದುರೇ ಹೇಳಿದಳು. "ನೀತಾ, ನೀ ಲದ್ದಿ ಬಾಚೂ ಜಾಗಕ್ಕೇ ಹೋಗು."

"ಹಂಗಾರೆ ಕೂದಲು?" ಗಂಗೂವಿನ ಮುಖ ಸಣ್ಣದಾಯಿತು.

ನೀತಾ ಅವಳ ಪಕ್ಕ ಕೂತಳು. "ಗಂಗಕ್ಕಾ, ಮೊಮ್ಮಗಳನ್ನ ನಾಳೆ ನನ್ನ ಸಂಗಡ ಕಳ್ಸು. ಆಸ್ಪತ್ರೆಯಲ್ಲಿ ಡಾಕ್ಟರಿಗೆ ತೋರಿಸ್ತೆ. ಅದು ಬೆಚ್ಚಿ ಬೀಳೂದು ಯಾಕೆ ಅಂತ ಮೊದ್ಲು ನೋಡ್ವಾ."

ರಾಮನಾಥ ಆಗ ಬಾಯಿ ತೆರೆದ. "ಹುಡುಗಿ ಉಳಿಯೂದು ಎಲ್ಲಿ? ಕಾಯಿಲೆ ಬಿದ್ರೆ?"

"ಚಲೋ ಕೇಳಿದ್ರಿ ಕಾಕಾ," ಎಂದಳು ಮಂದಾಕಿನಿ. "ಉಳಿಯೂ ಕೋಣೆ, ಊಟ, ಅದಕ್ಕೆ ಕೊಡ್ಬೇಕಾದ ಹಣ, ಎಲ್ಲಾ ಮೊದ್ಲೇ ಕೇಳ್ಬೇಕು. ಅಲ್ಲಿಗೆ ಹೋಗಿ ಬಂದವ್ರ ಹತ್ರ ಮಾತಾಡ್ಬೇಕು. ಸ್ವಯಂಸೇವೆಗೆ ಯಾವ ವೀಸಾ ಬೇಕು ಅಂತ ವಿಚಾರಿಸ್ಬೇಕು. ವಿಮೆ ಮಾಡಿಸ್ಬೇಕು. ಧನುರ್ವಾಯು, ಹುಚ್ಚುನಾಯಿ ರೋಗ, ಇದರ ಚುಚ್ಚುಮದ್ದು ಡಾಕ್ಟರು ಹೇಳಿದ ಹಾಗೆ ಹೊರಡೂ ಮೊದ್ಲೇ ಹಾಕಿಸ್ಬೇಕು. ಬಿಡದ ಕೆಮ್ಮು ಇದ್ರೆ ಕಫ ತೋರಿಸದೆ ಹೋಗಲೇಬಾರ್ದು. ಮನುಷ್ಯರ ಕ್ಷಯ ಆನೆಗೂ ಹತ್ತುತ್ತದೆ."

"ಅಷ್ಟು ದೊಡ್ಡ ಆನೆಗೆ ನಮ್ಮ ಕೆಮ್ಮು ಹತ್ತೂದಾ!" ಗಂಗೂ ಮೂಗಿನ ಮೇಲೆ ಬೆರಳಿಟ್ಟಳು.

ಹಾಗೆ ನೀತಾ ಎಲ್ಲ ವಿಚಾರಿಸಿಕೊಂಡು, ಚುಚ್ಚುಮದ್ದು ಹಾಕಿಸಿಕೊಂಡು ಹೊರಟಳು. ಅಂಕೋಲೆಯ ಬಸ್ ನಿಲ್ದಾಣದಲ್ಲಿ ಮಂಗಲಾ ಧೈರ್ಯವಾಗಿಯೇ ನಿಂತಿದ್ದಳು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಮಾತ್ರ ಸೆರಗು ಕಣ್ಣಿಗೆ ಹೋಯಿತು.

ಆಮೇಲೆ ಸಂಜೆಯಾದರೆ ಸಾಕು, ಅವಳು ಫೋನಿನ ಹತ್ತಿರವೇ ಸುಳಿದಾಡುತ್ತಿದ್ದಳು. ನೀತಾ ಫೋನ್ ಮಾಡಿದಾಗಲೆಲ್ಲ ಒಂದೇ ಆನೆಯ ಮಾತು. ಮುದಿ ಆನೆ, ಎರಡೂ ಕಣ್ಣು ಕಾಣದು. ಬಹಳ ವರ್ಷ ಸವಾರಿಗೆ ದುಡಿದದ್ದು. ಮನುಷ್ಯರ ಹೆಜ್ಜೆ ಕೇಳಿದರೆ ಸಾಕು, ಮಲಗಿದ್ದಲ್ಲಿಂದ ಧಡಕ್ಕನೆ ಎದ್ದು ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿತ್ತು. ಅದಕ್ಕೆ ಹಲ್ಲು ಸವೆದಿದೆ, ನೀತಾ ಅನ್ನ ಮೆತ್ತಗೆ ಬೇಯಿಸಿ ಬಾಳೆಹಣ್ಣು ಕಲಸಿ ಇಟ್ಟು ದೂರ ಸರಿಯುತ್ತಾಳೆ, ಅಷ್ಟೇ.

"ಇವತ್ತಾದ್ರೂ ಮುಟ್ಟಿದ್ಯಾ?" ಎಂದು ಮಂಗಲಾ ಕೇಳುವಳು.

"ಇಲ್ಲ ಆಯಿ."

ಮಂಗಲಾಳಿಗೆ ಒಳಗೊಳಗೇ ಬೇಸರ. ಅಷ್ಟು ದೂರ ಹೋದ ಹುಡುಗಿ ಒಮ್ಮೆಯಾದರೂ ಆ ಸೊಂಡಿಲ ಮೇಲೆ ಕೈ ಆಡಿಸಬಾರದೇ?

ಊರಿಗೆ ಹೊರಡುವ ಮುಂಚಿನ ದಿನ ನೀತಾಳ ದನಿಯೇ ಬೇರೆಯಾಗಿತ್ತು.

"ಆಯಿ, ಇವತ್ತು ಅದ್ರ ಅನ್ನ ಹೊತ್ಕೊಂಡು ಹೋದೆ. ಅದು ಮಲ್ಗಿತ್ತು. ನನ್ನ ಹೆಜ್ಜೆ ಕೇಳಿತು, ಕಿವಿ ಅಲ್ಲಾಡಿಸ್ತು."

"ಎದ್ದು ನಿಂತ್ಕೊಂತಾ?"

"ಏಳಲಿಲ್ಲ ಆಯಿ. ಹಾಗೇ ಮಲ್ಗಿತ್ತು."

ಮಂಗಲಾ ಫೋನು ಹಿಡಿದುಕೊಂಡೇ ಅತ್ತಳು, ಸಂತೋಷಕ್ಕೆ ಅತ್ತಳು. "ಯಾರ ಫೋನು, ಎಂತ ಆಯ್ತು?" ಎಂದು ರಾಮನಾಥ ಗಾಬರಿಯಿಂದ ಓಡಿ ಬಂದ.

"ಅದ್ಕೆ ಹೆದರಿಕೆ ಹೋಯ್ತಂತೆ," ಎಂದಳು ಮಂಗಲಾ.

ಇದನ್ನು ಓದಿದ, ಕೇಳಿದ ತಾಯಂದಿರೇ, ತಮ್ಮ ತಂಗಿಯರೇ, ನಿಮ್ಮ ಮನೆಯಿಂದಲೂ ಯಾರಾದರೂ ಆನೆಗಳ ಸೇವೆಗೆ ದೂರ ದೇಶಕ್ಕೆ ಹೊರಟರೆ ತಡೆಯಬೇಡಿ. ಆದರೆ ವಿಚಾರಿಸಿ ಕಳುಹಿಸಿ. ಅಲ್ಲಿ ಸವಾರಿ ಇದೆಯೇ, ಆಟ ಆಡಿಸುತ್ತಾರೆಯೇ, ಮರಿಗಳು ಎಲ್ಲಿಂದ ಬಂದವು, ಪ್ರಾಣಿವೈದ್ಯರು ಇದ್ದಾರೆಯೇ ಎಂದು ಕೇಳಿ. ತಬ್ಬಿಕೊಳ್ಳಿ, ಏರಿ ಕೂರಿ ಎಂದು ಕರೆಯುವ ಜಾಗಕ್ಕೆ ದೂರದಿಂದಲೇ ಕೈ ಮುಗಿಯಿರಿ. ಹುಲ್ಲು ಕೊಯ್ಯಿರಿ, ಲದ್ದಿ ಬಾಚಿ ಎನ್ನುವ ಜಾಗಕ್ಕೆ ಧೈರ್ಯವಾಗಿ ಹೋಗಿ. ಆನೆಯ ಕೂದಲು, ದಂತ ಕೊಳ್ಳಬೇಡಿ, ಕೇಳಲೂ ಬೇಡಿ. ನೀವು ಹೋದಾಗ ಆನೆ ನೆಮ್ಮದಿಯಿಂದ ಮಲಗಿದ್ದರೆ, ದಯಮಾಡಿ ಎಬ್ಬಿಸಬೇಡಿ.