ದು, ದಿಲ್ಲ

‘...ಎರಡನೆಯ ಪ್ಲಾಟ್‌ಫಾರ್ಮಿಗೆ ಬರುವು’

ಅಷ್ಟೇ. ಹಳದಿ ರೈಲು ಸಂಸ್ಥೆಯ ಹೆಂಗಸಿನ ದನಿ, ಯಾರೋ ಕತ್ತು ಹಿಸುಕಿದ ಹಾಗೆ, ಅಲ್ಲಿಗೇ ನಿಂತುಹೋಯಿತು. ಅದೇ ಸ್ಪೀಕರಿನಿಂದ ನೀಲಿ ಸಂಸ್ಥೆಯ ಗಂಡಸು ಬಾಯಿ ಹಾಕಿ, ತನ್ನ ಗಾಡಿ ನಾಲ್ಕನೆಯದಕ್ಕೆ ಬರುತ್ತಿದೆ, ಎಲ್ಲರೂ ಗೆರೆಯಿಂದ ಹಿಂದೆ ಸರಿಯಿರಿ ಎಂದು ಗದರಿದ.

ಎರಡನೆಯ ಪ್ಲಾಟ್‌ಫಾರ್ಮಿನಲ್ಲಿ ಗಾಡಿಗೆ ಕಾಯುತ್ತಿದ್ದ ಅವನು ನಿಂತಲ್ಲೇ ತುಟಿ ಅಲ್ಲಾಡಿಸಿದ. ದು. ದಿಲ್ಲ. ಬರುವುದು, ಬರುವುದಿಲ್ಲ. ಎರಡರಲ್ಲೊಂದು.

ಯಾವುದು ಎಂದು ಅವನಿಗೂ ಗೊತ್ತಿರಲಿಲ್ಲ. ತಮಾಷೆಯೆಂದರೆ, ವಾಕ್ಯ ಬರೆದವನೇ ಅವನು. ಕಾಲೇಜಿನಲ್ಲಿ ಹತ್ತೊಂಬತ್ತು ವರ್ಷದಿಂದ ವ್ಯಾಕರಣ ಹೇಳಿಕೊಡುವ ಮೇಷ್ಟ್ರು. ಎರಡು ವರ್ಷದ ಹಿಂದೆ ಹಳದಿಯವರು ಕರೆದು, ನಮ್ಮ ಪ್ರಕಟಣೆಗಳನ್ನು ಶುದ್ಧವಾಗಿ ಬರೆದುಕೊಡಿ ಎಂದಿದ್ದರು. ಬರೆದುಕೊಟ್ಟಿದ್ದ. ಗಾಡಿ ಬಂದರೂ ಒಂದೇ ವಾಕ್ಯ, ಬರದಿದ್ದರೂ ಒಂದೇ ವಾಕ್ಯ. ಕೊನೆಯ ಚೂರನ್ನು ಬದಲಿಸಿದರೆ ಸಾಕು. ಆ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಂಡಿದ್ದ.

ಸಂಸ್ಥೆಯ ಇಂಜಿನಿಯರ್ ಆಗಲೇ ಗೊಣಗಿದ್ದ. ‘ಸಾರ್, ಇಲ್ಲ ಅನ್ನೋದನ್ನ ಮೊದಲೇ ಹೇಳ್ಬಿಟ್ರೆ ಆಗಲ್ವಾ?’

‘ಕ್ರಿಯಾಪದ ಕೊನೆಗೇ ಬರಬೇಕು. ಬಾಲ ಮುಂದೆ ಕಟ್ಟಿದ್ರೆ ಎತ್ತು ಹಿಂದಕ್ಕೆ ನಡೆಯುತ್ತೆ’ ಎಂದಿದ್ದ ಇವನು.

ಎರಡು ಸಂಸ್ಥೆಗಳು ಹಂಚಿಕೊಂಡ ನಿಲ್ದಾಣದಲ್ಲಿ ಸ್ಪೀಕರೂ ಹಂಚಿಕೆಯದೇ, ಒಳಗೆ ಬರುತ್ತಿರುವ ಗಾಡಿಯ ದನಿಗೆ ಮೊದಲ ಹಕ್ಕು, ಅದು ನಡುವೆ ಬಂದರೆ ಇನ್ನೊಬ್ಬರ ಮಾತು ಅಲ್ಲಿಗೇ ಕೊನೆ ಎಂಬುದು ಆವತ್ತು ಇಬ್ಬರಿಗೂ ಹೊಳೆದಿರಲಿಲ್ಲ. ನೀಲಿಯವರಿಗೆ ಐದು ನಿಮಿಷಕ್ಕೊಂದು ಗಾಡಿ. ಗೋಡೆಯ ಮೇಲಿನ ಬೋರ್ಡೂ ಅವರದೇ. ಹಳದಿಯವರಿಗೆ ಇದ್ದದ್ದು ಬರೀ ದನಿ, ಅದೂ ಅರ್ಧ.

ಗಡಿಯಾರ ಹತ್ತು ಹದಿನೆಂಟು ತೋರಿಸುತ್ತಿತ್ತು. ಅವನ ಗಾಡಿ ಹತ್ತು ನಲವತ್ತಕ್ಕೆ. ಅದು ಬಿಟ್ಟರೆ ಮಧ್ಯಾಹ್ನ ಒಂದು ಗಂಟೆಗೆ. ಒಂದು ಗಂಟೆಯದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ನಿನ್ನೆ ಹೆಂಡತಿ ಫೋನ್ ಮಾಡಿದ್ದಳು. ನಾಲ್ಕು ತಿಂಗಳಿಂದ ಅವಳು ಅಕ್ಕನ ಮನೆಯಲ್ಲಿದ್ದಾಳೆ. ಜಗಳ ಅಂತ ಒಂದು ದಿನವೂ ಆಡಿರಲಿಲ್ಲ; ಜಗಳಕ್ಕೂ ಇಬ್ಬರು ಬೇಕಲ್ಲ.

‘ನಾಳೆ ಹನ್ನೆರಡಕ್ಕೆ ಆಸ್ಪತ್ರೆಯವರಿಗೆ ಒಪ್ಪಿಗೆ ಬರ್ಕೊಡ್ಬೇಕು. ದೂರದ ಊರಲ್ಲಿ ಕೆಲಸ, ಮೂರು ವರ್ಷ. ಅಷ್ಟರೊಳಗೆ ನೀವು ಬಂದು ಆಸ್ಪತ್ರೆ ಗೇಟಿನ ಹತ್ರ ನಿಂತ್ರೆ ಕೊಡಲ್ಲ. ನಿಮ್ಮ ಜೊತೆ ಮನೆಗೆ ಬರ್ತೀನಿ.’

‘ನಾನು ಹೇಳಬೇಕು ಅಂತಿದ್ದದ್ದು ಏನಪ್ಪಾ ಅಂದರೆ, ಈ ನಾಲ್ಕು ತಿಂಗಳಲ್ಲಿ...’

‘ಹೇಳ್ಬೇಡಿ. ನೀವು ಮಾತು ಮುಗಿಸೋ ಹೊತ್ತಿಗೆ ನನಗೆ ಕೇಳೋ ಆಸೆನೇ ಹೋಗಿರತ್ತೆ. ಬನ್ನಿ. ನಾಳೆ ಫೋನ್ ಆಫ್ ಮಾಡಿಟ್ಟಿರ್ತೀನಿ.’

ಬೆಳಿಗ್ಗೆ ಅವನಿಗೆ ಖುಷಿಯೋ ಖುಷಿ. ಅಂಗಿಯನ್ನು ಎರಡು ಸಲ ಇಸ್ತ್ರಿ ಮಾಡಿದ. ಗಡ್ಡ ಹೆರೆಯುವಾಗ ಶಿಳ್ಳೆ ಹಾಕಿಕೊಂಡ. ಮೂರನೆಯ ಮಹಡಿಯಿಂದ ಎರಡೆರಡು ಮೆಟ್ಟಿಲು ಹಾರಿ ಇಳಿದ. ಕೆಳಗಿನ ಮನೆಯವರು ಬಾಗಿಲು ತೆರೆದು ನೋಡಿದರು. ಒಂದು ಗಂಟೆಯ ದಾರಿಗೆ ಅರ್ಧ ಗಂಟೆ ಮೊದಲೇ ಬಂದು ನಿಂತವನು ಅವನು, ಪಾಪ.

‘ಏನ್ ಸಾರ್, ಜಪ ಮಾಡ್ತಿದೀರಾ?’

ಪಕ್ಕದಲ್ಲಿ ಒಬ್ಬ ಬಡಗಿ. ಕಿವಿಗೆ ಸಿಕ್ಕಿಸಿದ ಪೆನ್ಸಿಲ್ಲು, ಕಾಲ ಹತ್ತಿರ ಸಾಮಾನಿನ ಚೀಲ.

‘ಇಲ್ಲ, ಆ ವಾಕ್ಯ.’

‘ಯಾವ್ದು?’

‘ಈಗ ಬಂತಲ್ಲ.’

‘ಎಲ್ಲಿ ಬಂತು? ಅರ್ಧ ಬಂತು. ಮಿಕ್ಕಿದ್ದು ನೀಲಿಯವ್ನು ನುಂಗಿ ನೀರು ಕುಡ್ದ.’

ಬೆಂಚಿನ ಮೇಲೆ ಕೂತಿದ್ದ ಅಜ್ಜಿ ಕೊರಳುದ್ದ ಮಾಡಿದಳು. ಮೊಮ್ಮಗಳ ಮಗು ನೋಡಲು ಹೊರಟವಳು. ಅದನ್ನು ಆಗಲೇ ಅರ್ಧ ನಿಲ್ದಾಣಕ್ಕೆ ಹೇಳಿ ಆಗಿತ್ತು. ‘ಏನಪ್ಪಾ, ಗಾಡಿ ಇಲ್ಲಿಗೇ ಬರತ್ತಂತಾ?’

‘ಹೇಳೋಕಾಗಲ್ಲ ಅಜ್ಜಿ.’

‘ಓದಿದವನ ಹಾಗೆ ಕಾಣ್ತೀಯ.’

‘ಅದಕ್ಕೇ ಹೇಳೋಕಾಗ್ತಿಲ್ಲ.’

ಬಡಗಿ ಹೋ ಎಂದು ನಕ್ಕ. ಅಜ್ಜಿಯೂ ನಕ್ಕಳು. ಆಚೆ ನಿಂತಿದ್ದ ಇಬ್ಬರು ತಿರುಗಿ ನೋಡಿ, ವಿಷಯ ಗೊತ್ತಿಲ್ಲದಿದ್ದರೂ ಇರಲಿ ಎಂದು ನಕ್ಕರು. ತಾನು ಆಡಿದ ಮಾತಿಗೆ ಜನ ನಕ್ಕದ್ದು ಅವನಿಗೆ ನೆನಪಿರುವ ಮಟ್ಟಿಗೆ ಇದೇ ಮೊದಲು. ಕಿವಿ ಬಿಸಿಯಾಯಿತು.

ವಿಚಾರಿಸಿ ಬರಲು ಹೋಗಿದ್ದವನೊಬ್ಬ ವಾಪಸು ಬಂದ. ‘ಈ ಕಿಟಕಿಯವ್ರು ನಾವು ನೀಲಿ, ಹಳದಿಯವ್ರನ್ನ ಕೇಳಿ ಅಂತಾರೆ. ಹಳದಿ ಕಿಟಕಿಲಿ ಮೈಕಲ್ಲಿ ಹೇಳ್ತಾ ಇದಾರಲ್ಲ, ಕೇಳಿಸ್ಕೊಳ್ಳಿ ಅಂತಾರೆ.’

‘ಸರಿ ಹೋಯ್ತು’ ಎಂದ ಬಡಗಿ. ‘ಹಾಗಾದ್ರೆ ನಾವೇ ತೀರ್ಮಾನ ಮಾಡ್ಬಿಡೋಣ.’

ಆಗಲೇ ಮತ್ತೆ ಹಳದಿಯ ಹೆಂಗಸು ಬಾಯಿ ತೆರೆದಳು. ಎಲ್ಲರೂ ಕೈಸನ್ನೆ ಮಾಡಿ ಒಬ್ಬರನ್ನೊಬ್ಬರು ಸುಮ್ಮನಾಗಿಸಿದರು. ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಹೊರಡುವ ಹಳದಿ ಸಂಸ್ಥೆಯ ಗಾಡಿಯು ಎರಡನೆಯ ಪ್ಲಾಟ್‌ಫಾರ್ಮಿಗೆ ಬರುವು... ನೀಲಿ ಸಂಸ್ಥೆಯ ಗಾಡಿ ಒಂದನೆಯ ಪ್ಲಾಟ್‌ಫಾರ್ಮಿಗೆ ಬರುತ್ತಿದೆ, ಹಿಂದೆ ಸರಿಯಿರಿ.

‘ಹಾಳಾದವನೇ, ಅವಳನ್ನ ಒಂದು ಮಾತು ಮುಗಿಸೋಕೆ ಬಿಡೋ’ ಎಂದಳು ಅಜ್ಜಿ, ಸ್ಪೀಕರಿಗೆ. ಮದುವೆಯಾಗಿ ಐವತ್ತು ವರ್ಷದ ಅನುಭವ ಆ ಮಾತಿನಲ್ಲಿತ್ತು.

ಅವನಿಗೆ ಏನನ್ನಿಸಿತೋ, ವಿವರಿಸತೊಡಗಿದ. ಅವಳ ಮಾತಿಗೆ ಉಳಿದಿರುವುದು ಒಂದೇ ಚೂರು. ‘ದು’ ಬಂದರೆ ಗಾಡಿ ಇಲ್ಲಿಗೆ ಬರುತ್ತದೆ. ‘ದಿಲ್ಲ’ ಬಂದರೆ ಬೇರೆ ಕಡೆ. ಅಲ್ಲಿಯವರೆಗೆ ಎರಡೂ ವಾಕ್ಯ ಅವಳಿಜವಳಿ. ಹೆತ್ತವನಿಗೂ ಗುರುತು ಹತ್ತುವುದಿಲ್ಲ.

‘ಹೆತ್ತವನು ಯಾರು?’

‘ನಾನೇ.’

ಒಂದು ಕ್ಷಣ ಎಲ್ಲರೂ ಅವನ ಮುಖ ನೋಡಿದರು. ಬೈಗುಳಕ್ಕೆ ಅವನು ಸಿದ್ಧನಾದ. ಬಡಗಿ ಅವನ ಹೆಗಲಿಗೊಂದು ಏಟು ಹಾಕಿದ. ‘ಭಲೇ ಮೇಷ್ಟ್ರೇ. ನಾನು ಒಂದ್ಸಲ ಬಾಗ್ಲನ್ನ ಹೊರಗಡೆ ಚಿಲಕ ಇಟ್ಟು ಕೂರಿಸ್ಬಿಟ್ಟಿದ್ದೆ. ಮನೆಯವ್ರೆಲ್ಲ ಒಳಗಿದ್ರು.’

ಆಮೇಲೆ ಅದು ಹೇಗಾಯಿತೋ ಹೇಳುವುದು ಕಷ್ಟ. ಐದೇ ನಿಮಿಷದಲ್ಲಿ ಮೂವತ್ತು ಜನ ಎರಡು ಪಾಳಯವಾದರು. ಬೆಂಚಿನ ಎಡಕ್ಕೆ ದು ಪಾರ್ಟಿ, ಬಲಕ್ಕೆ ದಿಲ್ಲ ಪಾರ್ಟಿ. ಸೋತವರು ಅಜ್ಜಿಯ ಗಂಟನ್ನು ಗಾಡಿಯೊಳಗೆ ಇಡತಕ್ಕದ್ದು. ಅಜ್ಜಿ ತನ್ನ ಗಂಟಿನ ಸಮೇತ ದು ಪಾರ್ಟಿಗೆ ಸೇರಿದಳು. ಬಡಗಿ ದಿಲ್ಲಕ್ಕೆ ನಾಯಕನಾದ. ‘ಬರಲ್ಲ ಅಂತ ಗೊತ್ತಾದ್ರೆ ಸಾಕಾ? ಎಲ್ಲಿ ಬರತ್ತೆ ಅಂತ ಬೇಡ್ವಾ?’ ಎಂದು ಯಾರೋ ಕೇಳಿದ್ದಕ್ಕೆ, ‘ಮೊದ್ಲು ಗೆಲ್ಲೋಣ, ಆಮೇಲೆ ಹುಡುಕೋಣ’ ಎಂದ. ತೀರ್ಪುಗಾರ ಯಾರು? ಇನ್ಯಾರು, ಮೇಷ್ಟ್ರು. ಅವನನ್ನು ಕೈಹಿಡಿದು ಬೆಂಚಿನ ಮೇಲೆ ಹತ್ತಿಸಿದರು.

ಹಳದಿಯ ಹೆಂಗಸು ಮೂರನೆಯ ಸಲ ‘ಬರುವು’ ಎಂದಾಗ ಎಡದಿಂದ ‘ದು’ ಎಂದೂ ಬಲದಿಂದ ‘ದಿಲ್ಲ’ ಎಂದೂ ಒಟ್ಟಿಗೆ ಕೂಗೆದ್ದಿತು. ನೀಲಿಯವನ ದನಿ ಅದರಡಿಯಲ್ಲಿ ಮುಚ್ಚಿಯೇ ಹೋಯಿತು. ಜನ ಹೊಟ್ಟೆ ಹಿಡಿದು ನಕ್ಕರು. ಸೂಟುಬೂಟಿನವನೊಬ್ಬ ಕಣ್ಣೊರೆಸಿಕೊಂಡ. ಮೇಲೆ ನಿಂತವನೂ ನಕ್ಕ, ಪಕ್ಕೆ ನೋಯುವಷ್ಟು ನಕ್ಕ. ಇವರಲ್ಲಿ ಒಬ್ಬರ ಹೆಸರೂ ತನಗೆ ಗೊತ್ತಿಲ್ಲ, ತನ್ನದು ಅವರಿಗೆ ಗೊತ್ತಿಲ್ಲ, ಆದರೂ ಇವರೆಲ್ಲ ತನ್ನವರು ಎನ್ನಿಸಿತು. ಮನೆಯಲ್ಲಿ ಹೀಗೆ ಅನ್ನಿಸಿದ್ದುಂಟೆ ಎಂದು ಯೋಚಿಸಿದ. ಯೋಚನೆಯನ್ನು ಅಲ್ಲಿಗೇ ಬಿಟ್ಟ.

ಹತ್ತು ಮೂವತ್ತಾರು. ಜನರ ಬೆನ್ನ ಹಿಂದೆ, ಒಂದು ಜೊತೆ ಹಳಿಯಾಚೆ, ಮೂರನೆಯ ಪ್ಲಾಟ್‌ಫಾರ್ಮಿಗೆ ಗಾಡಿಯೊಂದು ಬಂದು ನಿಂತಿತು; ಅದರ ಪ್ರಕಟಣೆ ನಗುವಿನಡಿ ಯಾರಿಗೂ ಕೇಳಿಸಿರಲಿಲ್ಲ. ಕೆಲವರು ತಿರುಗಿ ನೋಡಿ ಮತ್ತೆ ಇತ್ತ ತಿರುಗಿದರು. ಡಬ್ಬಿಗಳು ಎರಡೂ ಸಂಸ್ಥೆಗೆ ಒಂದೇ, ಬೂದಿ ಬಣ್ಣ. ಗುರುತಿಗೆ ಬಾಗಿಲ ಮೇಲೊಂದು ಅಂಗೈಯಗಲದ ತಗಡು. ಕೆಳಗೆ ನಿಂತವರಿಗೆ ಕಾಣುವಂಥದಲ್ಲ.

ಬೆಂಚಿನ ಮೇಲಿದ್ದವನಿಗೆ ಕಂಡಿತು. ಹಳದಿ.

ದಿಲ್ಲ, ಎಂದುಕೊಂಡ.

ನಾಲ್ಕು ನಿಮಿಷ ಇದೆ. ಮೇಲ್ಸೇತುವೆ ಹತ್ತಿ ಇಳಿಯಲು ಎರಡು ಸಾಕು. ಅಜ್ಜಿಯನ್ನು ಬಡಗಿ ಹೊತ್ತಾದರೂ ದಾಟಿಸಿಯಾನು. ಒಂದು ಮಾತು, ಆ ಒಂದು ಚೂರು, ಹೇಳಿದರೆ ಆಯಿತು. ಗೇಟಿನ ಹತ್ತಿರ ನಿಂತ ಹೆಂಡತಿಯ ಮುಖ ಕಣ್ಣಿಗೆ ಕಟ್ಟಿತು. ಬಾಯಿ ತೆರೆದ.

‘ತೀರ್ಪು, ತೀರ್ಪು’ ಎಂದ ಬಡಗಿ. ‘ಎಲ್ಲ ಸುಮ್ನಿರಿ. ಮೇಷ್ಟ್ರು ಹೇಳ್ತಾರೆ.’

ಸದ್ದಡಗಿತು. ಮೂವತ್ತು ಮುಖಗಳು ಮೇಲಕ್ಕೆ ಎದ್ದವು. ಹತ್ತೊಂಬತ್ತು ವರ್ಷದಲ್ಲಿ ಯಾವ ತರಗತಿಯೂ ಅವನಿಗೆ ಇಂಥ ಮೌನ ಕೊಟ್ಟಿರಲಿಲ್ಲ. ಹಿಂದಿನ ಬೆಂಚಿನ ಗುಸುಗುಸು ಇಲ್ಲ, ಆಕಳಿಕೆ ಇಲ್ಲ. ಅಜ್ಜಿ ಕಿವಿಗೆ ಕೈ ಆನಿಸಿಕೊಂಡಿದ್ದಳು.

‘ಇಷ್ಟು ಹೊತ್ತು ನಾವೆಲ್ಲ ಕಾದು ನಿಂತಿರುವ ಈ ಪ್ಲಾಟ್‌ಫಾರ್ಮಿಗೆ’ ಎಂದು ಶುರುಮಾಡಿದ. ಯಾರೂ ಅಲ್ಲಾಡಲಿಲ್ಲ. ‘ಹತ್ತು ನಲವತ್ತಕ್ಕೆ ಹೊರಡಬೇಕಾದ, ಮೂರು ಸಲ ಹೇಳಿಸಿಕೊಂಡರೂ ಒಂದು ಸಲವೂ ಪೂರ್ತಿ ಹೇಳಿಸಿಕೊಳ್ಳದ...’ ಯಾರೋ ಕಿಸಕ್ಕೆಂದರು. ಅವನ ಮೈ ಹಗುರಾಯಿತು. ‘ದು ಪಾರ್ಟಿಯವರು ಬಾಯಾರೆ ಕರೆದ, ದಿಲ್ಲ ಪಾರ್ಟಿಯವರು ಬೇಡವೆಂದು ಹಟ ಹಿಡಿದ...’

ಇನ್ನೊಂದು ವಿಶೇಷಣ, ಅಷ್ಟೇ, ಆಮೇಲೆ ಹೇಳಿಬಿಡುತ್ತೇನೆ ಎಂದುಕೊಂಡ. ಆ ಮುಖಗಳಲ್ಲಿ ಒಂದಾದರೂ ಮಾತು ಮುಗಿಯಲಿ ಎಂದು ಚಡಪಡಿಸುತ್ತಿದೆಯೇ ಎಂದು ಹುಡುಕಿದ. ಇಲ್ಲ. ಎಲ್ಲರಿಗೂ ಇನ್ನಷ್ಟು ಬೇಕಾಗಿತ್ತು. ‘ಅಜ್ಜಿಯ ಮರಿಮಗು ತೊಟ್ಟಿಲಿನಲ್ಲಿ ಕಣ್ಣುಬಿಟ್ಟು ಎದುರು ನೋಡುತ್ತಿರುವ...’ ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಇದಕ್ಕಿಂತ ಸುಖ ಇನ್ನೇನಿದೆ. ಇನ್ನೊಂದೇ. ‘ಬಡಗಿಯವರು ಒಳಗೆ ಹತ್ತಿದರೆ ಹೊರಗಿನಿಂದ ಚಿಲಕ ಹಾಕಬೇಕಾದ, ಆ ನಮ್ಮ ಗಾಡಿಯು...’

ಶಿಳ್ಳೆ ಕೇಳಿಸಿತು. ಬಡಗಿ ತಿರುಗಿದ. ಚಲಿಸತೊಡಗಿದ ಗಾಡಿ ಒಂದು ಕಡೆ ವಾಲಿದಾಗ ಬಾಗಿಲ ತಗಡು ಬಿಸಿಲಿಗೆ ಮಿಂಚಿತು.

‘ಅದು ನಮ್ದೇ ಅಲ್ವಾ?’

ಮೂವತ್ತು ಜನರೂ ತಿರುಗಿದರು. ಆಮೇಲೆ ದಿಲ್ಲ ಪಾರ್ಟಿಯಲ್ಲಿ ಯಾರೋ ‘ಗೆದ್ವಿ’ ಎಂದರು.

ಅಷ್ಟು ಸಾಕಾಯಿತು. ನಗು ಒಂದು ತುದಿಯಿಂದ ಇನ್ನೊಂದು ತುದಿಗೆ ಹಬ್ಬಿತು. ‘ಮೂಗಿನ ಕೆಳಗೇ ಇತ್ತಲ್ರೋ’ ಎಂದಳು ಅಜ್ಜಿ. ‘ಹೋಗ್ಲಿ ಬಿಡಿ, ಮಗು ಎಲ್ಲಿಗ್ ಓಡಿಹೋಗತ್ತೆ, ಅದಕ್ಕಿನ್ನೂ ಕಾಲೇ ಬಂದಿಲ್ಲ.’ ಬಡಗಿ ಅಂಚಿಗೆ ಹೋಗಿ ನೆಂಟರನ್ನು ಬೀಳ್ಕೊಡುವವನ ಹಾಗೆ ಕೈ ಬೀಸಿದ. ‘ಹೋಗಿ ಬನ್ನಿ. ಹುಷಾರು. ತಲುಪಿದ್ಮೇಲೆ ತಿಳಿಸಿ.’ ಒಬ್ಬರಾದ ಮೇಲೊಬ್ಬರು ಎಲ್ಲರೂ ಕೈ ಎತ್ತಿದರು. ಸೂಟಿನವನು ಕರವಸ್ತ್ರ ಬೀಸಿದ.

‘ಮೇಷ್ಟ್ರೇ, ಮೇಲಿಂದ ನಿಮಗೆ ಕಾಣಿಸ್ಲಿಲ್ವಾ?’ ಎಂದ ಬಡಗಿ, ಕೈ ಬೀಸುತ್ತಲೇ.

‘ನಾನು ಹೇಳೋದರಲ್ಲಿದ್ದೆ.’

ಬಡಗಿ ಇನ್ನೂ ಜೋರಾಗಿ ಕೈ ಬೀಸಿದ.

ಮೊದಲ ಡಬ್ಬಿಯಿಂದ ಒಂದೊಂದಾಗಿ ಕಿಟಕಿಗಳು ದಾಟಿದವು. ಒಳಗೆ ದೀಪ ಉರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು, ಸೀಟುಗಳು ಸಾಲಾಗಿದ್ದವು. ಒಂದು ನರಪಿಳ್ಳೆಯೂ ಇರಲಿಲ್ಲ. ಹೊತ್ತಿಗೆ ಸರಿಯಾಗಿ, ಒಂದು ಕ್ಷಣ ಹಿಂದೆ ಮುಂದೆ ಇಲ್ಲದೆ, ಗಾಡಿ ಹೋಗುತ್ತಿತ್ತು.

ಕೊನೆಯ ಡಬ್ಬಿಯ ಬಾಗಿಲಲ್ಲಿ ಗಾರ್ಡ್ ನಿಂತಿದ್ದ. ಇಷ್ಟೊಂದು ಕೈಗಳನ್ನು ಕಂಡು ಅವನ ಮುಖ ಅರಳಿತು. ಯಾರಿಗಿರಬಹುದು ಎಂದು ಹೊರಗೆ ಬಾಗಿ, ಮುಂದಿನ ಕಿಟಕಿಗಳ ಸಾಲನ್ನೆಲ್ಲ ಕಣ್ಣುಹಾಯಿಸಿ ನೋಡಿದ. ಒಂದು ಕೈಯೂ ಹೊರಗೆ ಚಾಚಿರಲಿಲ್ಲ. ಪಾಪ ಎನ್ನಿಸಿತೋ ಏನೋ, ಆ ಯಾರದೋ ಪರವಾಗಿ ತಾನೇ ಕೈ ಎತ್ತಿ ಬೀಸಿದ. ಬೆಂಚಿನ ಮೇಲಿದ್ದವನೂ ನಗುತ್ತಾ, ಗಾರ್ಡಿನ ಕೈ ತಿರುವಿನಲ್ಲಿ ಮರೆಯಾಗುವವರೆಗೂ ಬೀಸುತ್ತಲೇ ಇದ್ದ.